ಮೂರನೆಯ ಕೆಂಪು ಚೀಟಿ

“ತಲೆ ಕಡೆಯೋರು ಮೇಲಕ್ಕೆತ್ತಿ! ಕಾಲ ಕಡೆಯೋರು ಬಗ್ಗಿ, ಇನ್ನೂ ಬಗ್ಗಿ! ಗೋಡೆಗೆ ತಾಗಿಸಬೇಡಿ ಅಂದ್ನಲ್ಲಾ!”

ಎರಡನೆಯ ಮಹಡಿಯ ಮೆಟ್ಟಿಲ ತಿರುವಿನಲ್ಲಿ ಸ್ಟ್ರೆಚರ್ ಸಿಕ್ಕಿಕೊಂಡಿತ್ತು. ಕೂಗುತ್ತಿದ್ದವಳು ಸತ್ತವಳ ಮಗಳು. ಹದಿನೈದು ವರ್ಷ ಸಿಟಿ ಬಸ್ಸಿನಲ್ಲಿ ಕಂಡಕ್ಟರಾಗಿ ದುಡಿದವಳಿಗೆ ಇಕ್ಕಟ್ಟಿನಲ್ಲಿ ಜನರನ್ನು ಹಿಂದೆ ಮುಂದೆ ಸರಿಸುವುದು ಹೊಸದೇನಲ್ಲ. ಅತ್ತೂ ಅತ್ತೂ ದನಿ ಒಡೆದುಹೋಗಿತ್ತು. ಆದರೂ ಹೊತ್ತವರು ಅವಳು ಹೇಳಿದ ಹಾಗೆ ಎತ್ತಿದರು, ಹೇಳಿದ ಹಾಗೆ ಬಗ್ಗಿದರು.

ಕಾಲ ಕಡೆಯ ಒಂದು ಹಿಡಿ ಒಂದನೇ ತರಗತಿಯ ಮಿಸ್ ಕೈಯಲ್ಲಿತ್ತು. “ನೀವು ಬಿಡಿ ಮಿಸ್, ನಿಮಗ್ಯಾಕೆ ಈ ಭಾರ” ಎಂದು ನೆರೆಮನೆಯಾತ ಕೈಚಾಚಿದಾಗ ಅವಳು ಅವನ ಮುಖವನ್ನೂ ನೋಡಲಿಲ್ಲ. ಭಾರವೇನೂ ಇರಲಿಲ್ಲ. ಸ್ಟ್ರೆಚರಿನ ಮೇಲಿದ್ದವಳು ಬದುಕಿದ್ದಾಗಲೂ ಹಿಡಿಯಷ್ಟೇ ಇದ್ದಳು. ಮಿಸ್ ಪಾಠ ಹೇಳುವ ಶಾಲೆಯಲ್ಲಿಯೇ ಇಪ್ಪತ್ತಾರು ವರ್ಷ ಆಯಾ ಆಗಿದ್ದವಳು. ಮಕ್ಕಳು ಅವಳನ್ನು ನೀರಜ್ಜಿ ಎಂದು ಕರೆಯುತ್ತಿದ್ದರು. ಎಂಟು ತಿಂಗಳ ಹಿಂದೆ ಶಾಲೆ ಅವಳನ್ನು ಕೆಲಸದಿಂದ ಕಿತ್ತುಹಾಕಿತ್ತು. ನಿನ್ನೆ ಸಂಜೆ ಒಣಗಿದ ಬಟ್ಟೆ ಮಡಚುತ್ತಾ ಕೂತವಳು, ಅರ್ಧ ಮಡಚಿದ ಟವೆಲ್ಲಿನ ಮೇಲೆ ಹಾಗೆಯೇ ವಾಲಿದಳು. ಹೃದಯಾಘಾತ ಎಂದು ಡಾಕ್ಟರು ಬರೆದುಕೊಟ್ಟರು.

ಹೃದಯಾಘಾತವಂತೆ! ಆಘಾತ ಕೊಟ್ಟವರು ಯಾರು ಎಂದು ಡಾಕ್ಟರು ಬರೆಯುತ್ತಾರೆಯೇ? ಮಿಸ್‌ಗೆ ಬೆಳಗ್ಗೆಯಿಂದ ಮೈಯೆಲ್ಲ ಉರಿಯುತ್ತಿತ್ತು. ಕೊಟ್ಟವರ ಸಾಲಿನಲ್ಲಿ ತಾನೂ ಇದ್ದೇನೆ ಎಂದು ಗೊತ್ತಿದ್ದದ್ದರಿಂದ ಆ ಉರಿಯನ್ನು ಯಾರ ಮೇಲೆ ಕಾರುವುದೆಂದೂ ತಿಳಿಯುತ್ತಿರಲಿಲ್ಲ.

ಕೆಳಗೆ ಬಿಳಿಯ ಶವವಾಹನ ಹಿಂಬಾಗಿಲು ತೆರೆದು ನಿಂತಿತ್ತು. ಡ್ರೈವರು ಸ್ಟ್ರೆಚರನ್ನು ಒಳಗಿನ ಹಳಿಯ ಮೇಲೆ ಸದ್ದಾಗದಂತೆ ಜಾರಿಸಿದ. ತಲೆ ಎತ್ತಿದವನು ಮಿಸ್‌ಳನ್ನು ಕಂಡು ಗಕ್ಕನೆ ಮುಖ ತಗ್ಗಿಸಿ ಆಚೆ ಬದಿಗೆ ಹೋದ. ಎಲ್ಲಿಯೋ ನೋಡಿದ ಮುಖ ಅನ್ನಿಸಿತು ಅವಳಿಗೆ. ಯೋಚಿಸಲು ವ್ಯವಧಾನ ಸಿಗಲಿಲ್ಲ, ಏಕೆಂದರೆ ಅಷ್ಟರಲ್ಲಿ ಪ್ರಿನ್ಸಿಪಾಲ್ ಮೇಡಂ ಕಾರಿನಿಂದ ಇಳಿದಿದ್ದರು.

“ಅಯ್ಯೋ ಮಿಸ್, ನೀವ್ಯಾಕೆ ಎತ್ತೋಕೆ ಹೋದ್ರಿ? ಸೊಂಟ ಹಿಡ್ಕೊಂಡ್ರೆ ನಾಳೆ ಕ್ಲಾಸ್ ಯಾರು ತಗೊಳ್ತಾರೆ?”

ಮೇಡಂ ಕೈಯಲ್ಲಿ ದೊಡ್ಡದೊಂದು ಹೂಗುಚ್ಛ. ಅದಕ್ಕೆ ಅಡ್ಡಲಾಗಿ ಕಟ್ಟಿದ ರಿಬ್ಬನ್ನಿನ ಮೇಲೆ ಬಂಗಾರದ ಅಕ್ಷರ: “ಶಿಸ್ತಿನ ಸಿಪಾಯಿಗೆ ಶಾಲೆಯ ನಮನ.”

ಕಂಡಕ್ಟರಮ್ಮ ಅದನ್ನು ಎರಡು ಸಲ ಓದಿದಳು. “ನಮ್ಮಮ್ಮಂಗೆ ಓದೋಕೆ ಚೆನ್ನಾಗಿ ಬರ್ತಿತ್ತು,” ಅಂದಳು ಮೇಡಂಗೆ. “ಈಗ ಬರಲ್ಲ. ನಿಮ್ಮ ಅದೃಷ್ಟ.”

ಹೇಳಿದವಳೇ ಹಿಂಬಾಗಿಲಿನಿಂದ ಹತ್ತಿ ಅಮ್ಮನ ಪಕ್ಕದ ಉದ್ದ ಬೆಂಚಿನ ಮೇಲೆ ಕೂತಳು. ಮಿಸ್ ಅವಳೆದುರು ಕೂತಳು. ಗಾಡಿ ಹೊರಟಿತು.

*

ಇಪ್ಪತ್ತೆರಡು ವರ್ಷದ ಹಿಂದಿನ ಮಾತು. ಮಿಸ್ ಕೆಲಸಕ್ಕೆ ಸೇರಿ ಒಂದು ತಿಂಗಳೂ ಆಗಿರಲಿಲ್ಲ. ಅವಳ ತರಗತಿಯ ಹುಡುಗನೊಬ್ಬ ಕಿಟಕಿಯ ಸರಳಿಗೆ ಜೋತುಬಿದ್ದು ಕಿರುಚುತ್ತಿದ್ದ. ಎಳೆದರೆ ಒದೆಯುತ್ತಿದ್ದ, ಬಿಟ್ಟರೆ ಉಗುಳುತ್ತಿದ್ದ. ಮಿಸ್‌ಗೆ ಆಗ ಇಪ್ಪತ್ತಾರರ ವಯಸ್ಸು. ತರಬೇತಿಯಲ್ಲಿ ಕಲಿತದ್ದೆಲ್ಲ ಅರ್ಧ ಗಂಟೆಯಲ್ಲಿ ಖಾಲಿಯಾಗಿ ಕಣ್ಣಲ್ಲಿ ನೀರು ತುಂಬಿಕೊಂಡು ನಿಂತಿದ್ದಳು.

ಕಾರಿಡಾರು ಒರೆಸುತ್ತಿದ್ದ ಆಯಾ ಒಳಗೆ ಬಂದಳು. ಹುಡುಗನನ್ನು ಮುಟ್ಟಲಿಲ್ಲ, ಗದರಿಸಲಿಲ್ಲ, ಪುಟ್ಟಾ ಚಿನ್ನಾ ಎಂದು ಮುದ್ದುಗರೆಯಲೂ ಇಲ್ಲ. ಅಂಚಿನವರೆಗೆ ನೀರು ತುಂಬಿದ ಸ್ಟೀಲಿನ ಮಗ್ಗೊಂದನ್ನು ಕಿಟಕಿಯ ಕಟ್ಟೆಯ ಮೇಲಿಟ್ಟಳು.

“ನನ್ನ ಮಂಡಿ ಹಿಡ್ಕೊಂಡಿದೆ ಕಣಪ್ಪಾ. ಇದನ್ನ ಆ ತುದಿ ಗಿಡಕ್ಕೆ ಹಾಕಿ ಬರ್ತೀಯಾ? ಚೆಲ್ಲಬೇಡ, ಅದಕ್ಕೆ ಬೆಳಗ್ಗೆಯಿಂದ ಬಾಯಾರಿದೆ.”

ಹುಡುಗ ಕಿರುಚುವುದನ್ನು ನಿಲ್ಲಿಸಿ ಮಗ್ಗನ್ನು ನೋಡಿದ. ಕಾರಿಡಾರಿನ ಆ ತುದಿಗೆ ಅವನ ಹೆಜ್ಜೆಯಲ್ಲಿ ನೂರಿಪ್ಪತ್ತು ಹೆಜ್ಜೆ. ಅಂಚಿನವರೆಗೆ ತುಂಬಿದ ಮಗ್ಗನ್ನು ಬಿಕ್ಕುತ್ತಾ ಹೊರಲು ಆಗುವುದಿಲ್ಲ. ಉಸಿರು ಬಿಗಿಹಿಡಿಯಬೇಕು, ಎರಡೂ ಕೈ ಬೇಕು, ಕಣ್ಣು ನೀರಿನ ಮೇಲೇ ಇರಬೇಕು. ಅವನು ಗಿಡ ಮುಟ್ಟುವ ಹೊತ್ತಿಗೆ ಅಳು ಎಲ್ಲಿಯೋ ದಾರಿಯಲ್ಲಿ ಬಿದ್ದುಹೋಗಿತ್ತು. ಖಾಲಿ ಮಗ್ಗು ಹಿಡಿದು ವಾಪಸ್ಸು ಬಂದವನನ್ನು ಆಯಾ ಮೆಟ್ಟಿಲ ಮೇಲೆ ಪಕ್ಕದಲ್ಲಿ ಕೂರಿಸಿಕೊಂಡಳು.

“ಈಗ ಹೇಳು. ಏನಾಯ್ತು?”

ಅಷ್ಟೇ ಅವಳ ವಿದ್ಯೆ. ಪ್ರತಿಸಲವೂ ನಡೆಯುತ್ತಿತ್ತು ಎಂದೇನಲ್ಲ. ಒಬ್ಬ ಹುಡುಗ ಮಗ್ಗನ್ನು ಪೂರ್ತಿ ಅವಳ ತಲೆಯ ಮೇಲೇ ಸುರಿದಿದ್ದ. “ಒಳ್ಳೇದಾಯ್ತು, ಸ್ನಾನದ ಕೆಲಸ ಮುಗೀತು,” ಎಂದು ಇನ್ನೊಂದು ಮಗ್ಗು ತುಂಬಿ ತಂದಿದ್ದಳು. ಇಪ್ಪತ್ತೆರಡು ವರ್ಷದಲ್ಲಿ ಮಿಸ್ ಅವಳ ಬಳಿಗೆ ಕಳಿಸಿದ ಮಕ್ಕಳು ಇನ್ನೂರಕ್ಕೂ ಹೆಚ್ಚು. ಹೋಗುವಾಗ ಬೆಂಕಿಯಾಗಿ ಹೋದವರು ಬರುವಾಗ ಮಕ್ಕಳಾಗಿ ಬರುತ್ತಿದ್ದರು. “ನಿಮ್ಮ ಕ್ಲಾಸು ಎಷ್ಟು ಶಾಂತ, ಮಿಸ್!” ಎಂದು ಹೊಗಳಿದವರಿಗೆಲ್ಲ ಮಿಸ್ ನಕ್ಕು ಸುಮ್ಮನಾಗುತ್ತಿದ್ದಳು. ಆ ಹೊಗಳಿಕೆ ಯಾರಿಗೆ ಸೇರಬೇಕಾದದ್ದು ಎಂದು ಒಂದು ದಿನವೂ ಬಾಯಿಬಿಟ್ಟು ಹೇಳಿರಲಿಲ್ಲ.

ಎರಡು ವರ್ಷದ ಹಿಂದೆ ಹೊಸ ಪ್ರಿನ್ಸಿಪಾಲ್ ಬಂದರು. ಕಾರಿಡಾರಿನಲ್ಲಿ “ಝೀರೋ ಟಾಲರೆನ್ಸ್” ಎಂಬ ಬೋರ್ಡು ಬಂತು. ಐದು ವರ್ಷದ ಮಗುವಿಗೂ ಹದಿನೈದು ವರ್ಷದವನಿಗೂ ಒಂದೇ ನಿಯಮ. ತಪ್ಪು ಮಾಡಿದರೆ ಕೆಂಪು ಚೀಟಿ. ಮೊದಲನೆಯದಕ್ಕೆ ಎಚ್ಚರಿಕೆ, ಎರಡನೆಯದಕ್ಕೆ ಎರಡು ವಾರ ಸಸ್ಪೆಂಡು, ಮೂರನೆಯದಕ್ಕೆ ಟೀಸಿ. ಸುತ್ತೋಲೆಯ ಕೊನೆಯ ಸಾಲನ್ನು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿದ್ದರು: ಶಿಕ್ಷಕರು ಕಾರಣ ವಿಚಾರಿಸುತ್ತಾ ಕೂರತಕ್ಕದ್ದಲ್ಲ.

*

ವಿದ್ಯುತ್ ಚಿತಾಗಾರದಲ್ಲಿ ಅವರ ಟೋಕನ್ ಮೂರನೆಯದು. ಸಾಲಾಗಿ ಹಾಕಿದ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಮೂರು ಮನೆಯವರ ದುಃಖಗಳು ಬೇರೆಬೇರೆಯಾಗಿ ಕೂತಿದ್ದವು. ಗೋಡೆಯ ಗಡಿಯಾರದಲ್ಲಿ ಹನ್ನೆರಡೂಮುಕ್ಕಾಲು. ಮೇಡಂ ಬಂದು ಮಿಸ್‌ಳ ಪಕ್ಕದ ಕುರ್ಚಿಯನ್ನು ಕರವಸ್ತ್ರದಿಂದ ಒರೆಸಿ ಕೂತರು.

“ಇಂಥ ಜಾಗದಲ್ಲಿ ಕೇಳಬಾರದು ಮಿಸ್. ಆದ್ರೆ ಮೂರು ಗಂಟೆಗೆ ಸ್ಕೂಲಲ್ಲಿ ಶಿಸ್ತು ಕಮಿಟಿ ಕೂರುತ್ತೆ.” ಬ್ಯಾಗಿನಿಂದ ಫೈಲು, ಫೈಲಿನಿಂದ ಒಂದು ಕೆಂಪು ಚೀಟಿ ಹೊರಬಂತು. “ನಿಮ್ಮ ಆ ಪಟಾಕಿ ವಿಷಯ. ಒಂದು ಸಹಿ ಹಾಕಿಬಿಡಿ.”

ಪಟಾಕಿ ಎಂಬುದು ಸ್ಟಾಫ್ ರೂಮು ಇಟ್ಟ ಹೆಸರು. ಆರು ವರ್ಷದ ಹುಡುಗಿ. ಪೆನ್ಸಿಲ್ ಡಬ್ಬಿ ಎಸೆದು ಕಿಟಕಿ ಗಾಜು ಒಡೆದದ್ದಕ್ಕೆ ಮೊದಲ ಚೀಟಿ ಬಿದ್ದಿತ್ತು. ಹತ್ತು ದಿನದ ಹಿಂದೆ ಬೆಂಚು ಉರುಳಿಸಿ, ಬಿಡಿಸಲು ಹೋದ ಮಿಸ್‌ಳ ಮೊಣಕಾಲಿಗೆ ಝಾಡಿಸಿ ಒದ್ದದ್ದಕ್ಕೆ ಎರಡನೆಯದು. ಈಗ ಸಸ್ಪೆಂಡಿನಲ್ಲಿದ್ದಾಳೆ.

“ಅವಳು ಶಾಲೆಗೇ ಬಂದಿಲ್ಲ ಮೇಡಂ. ಮೂರನೇ ತಪ್ಪು ಎಲ್ಲಿಂದ ಬಂತು?”

“ಒಂದೇ ಘಟನೆ, ಆದ್ರೆ ತಪ್ಪು ಎರಡು. ಬೆಂಚು ಉರುಳಿಸಿದ್ದು ಒಂದು, ಶಿಕ್ಷಕರ ಮೇಲೆ ಹಲ್ಲೆ ಮಾಡಿದ್ದು ಒಂದು. ಎರಡೂ ಸೇರಿಸಿ ಒಂದೇ ಚೀಟಿ ಕೊಟ್ಟಿದ್ದು ನಿಮ್ಮದೇ ತಪ್ಪು. ಬೇರೆ ಮಾಡಿದ್ರೆ ಮೂರಾಯ್ತು. ಒದೆ ತಿಂದವರು ನೀವು, ಸಹಿ ನಿಮ್ಮದೇ ಬೇಕು.”

“ಹಲ್ಲೆ!” ಅಂದಳು ಮಿಸ್. “ಆರು ವರ್ಷದ ಮಗು ಮೇಡಂ. ಇನ್ನೂ ಶೂ ಲೇಸ್ ಕಟ್ಟೋಕೆ ಬರಲ್ಲ ಅದಕ್ಕೆ.”

“ಮೂವತ್ತೆಂಟು ಮಕ್ಕಳ ಅಪ್ಪ ಅಮ್ಮಂದಿರು ಸಹಿ ಮಾಡಿ ದೂರು ಕೊಟ್ಟಿದ್ದಾರೆ. ಅವರಿಗೆಲ್ಲ ಉತ್ತರ ಹೇಳೋಳು ನಾನು, ನೀವಲ್ಲ. ನನಗೇನು ಆ ಮಗು ಮೇಲೆ ಹಗೆತನವಾ?” ಮೇಡಂ ನಿಜವಾಗಿಯೂ ನೊಂದವರ ಹಾಗೆ ಹೇಳಿದರು. ಮಿಸ್‌ಗೆ ಸಿಟ್ಟು ನೆತ್ತಿಗೇರಿದ್ದು ಅದಕ್ಕೇ. ಹಗೆತನವಾದರೂ ಇದ್ದಿದ್ದರೆ ಅರ್ಥವಾಗುತ್ತಿತ್ತು.

ಅವಳು ಚೀಟಿ ಹಿಡಿದುಕೊಂಡೇ ಹೊರಗೆ ಎದ್ದು ಬಂದಳು. ಗಾಳಿ ಬೇಕಾಗಿತ್ತು. ಬೇವಿನ ಮರದ ಕೆಳಗೆ ಶವವಾಹನ ನಿಂತಿತ್ತು. ಮುಂದಿನ ಬಾಗಿಲು ತೆರೆದಿತ್ತು. ಫುಟ್‌ಬೋರ್ಡಿನ ಮೇಲೆ ಕಾಲಾಡಿಸುತ್ತಾ, ಮಡಿಲಲ್ಲಿ ಬಣ್ಣದ ಪೆನ್ಸಿಲ್ ಇಟ್ಟುಕೊಂಡು ಒಂದು ಹುಡುಗಿ ಕೂತಿದ್ದಳು.

“ಮಿಸ್! ನೀವೂ ಬಂದ್ರಾ? ಅದು ನಿಮ್ಮೋರಾ?”

ಪಟಾಕಿ! ಮಿಸ್‌ಗೆ ಡ್ರೈವರನ ಮುಖ ಎಲ್ಲಿ ನೋಡಿದ್ದೆಂದು ಆಗ ಹೊಳೆಯಿತು. ಪೋಷಕರ ಸಭೆಯಲ್ಲಿ ಯಾವಾಗಲೂ ಕೊನೆಯ ಸಾಲಿನಲ್ಲಿ, ಬಾಗಿಲಿಗೆ ಹತ್ತಿರ ಕೂರುತ್ತಿದ್ದವನು.

“ನೀನಿಲ್ಲಿ ಏನು ಮಾಡ್ತಿದೀಯಾ?”

“ಸಸ್ಪೆಂಡು,” ಅಂದಳು ಹುಡುಗಿ, ಕೆಲಸದ ಹೆಸರು ಹೇಳುವವಳ ಹಾಗೆ.

ಡ್ರೈವರು ಮರದ ಹಿಂದಿನಿಂದ ಓಡಿ ಬಂದ. “ತಪ್ಪು ತಿಳ್ಕೋಬೇಡಿ ಮಿಸ್. ಇವಳಮ್ಮ ಆಸ್ಪತ್ರೇಲಿ ಬಟ್ಟೆ ಒಗೆಯೋ ಕಡೆ ಇದ್ದಾಳೆ, ಬೆಳಗ್ಗೆ ಆರಕ್ಕೆ ಹೋದ್ರೆ ಸಂಜೆಯಾಗುತ್ತೆ. ಇದನ್ನ ಒಂದನ್ನೇ ಮನೇಲಿ ಬಿಟ್ಟು ಬೀಗ ಹಾಕೋಕೆ ಮನಸ್ಸಾಗಲಿಲ್ಲ. ಹಿಂದಕ್ಕೆ ಹೋಗೋಕೆ ಬಿಡಲ್ಲ, ಮುಂದೇನೇ ಕೂರಿಸ್ಕೋತೀನಿ.”

“ಎಷ್ಟು ದಿನದಿಂದ?”

“ನೀವು ಚೀಟಿ ಕೊಟ್ಟ ಮಾರನೇ ದಿನದಿಂದ.”

ಅವನ ಮಾತಿನಲ್ಲಿ ಸಿಟ್ಟಿರಲಿಲ್ಲ. ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದರೆ ಹೇಳುವ ಹಾಗೆ ಹೇಳಿದ. ಮಿಸ್ ಫುಟ್‌ಬೋರ್ಡಿನ ಇನ್ನೊಂದು ತುದಿಯಲ್ಲಿ ಕೂತಳು.

“ಇದು ನನ್ನ ಹನ್ನೊಂದನೇದು,” ಪಟಾಕಿ ಎರಡೂ ಕೈಯ ಬೆರಳು ಸಾಲದೆ ಅಪ್ಪನ ಒಂದು ಬೆರಳು ಹಿಡಿದು ತೋರಿಸಿದಳು. “ನಿನ್ನೇದು ಪುಟಾಣಿದು ಮಿಸ್. ಅದನ್ನ ಸ್ಟ್ರೆಚರ್ ಮೇಲೆ ಇಡಲೇ ಇಲ್ಲ. ಅದರಮ್ಮ ತೊಡೆ ಮೇಲೇ ಇಟ್ಕೊಂಡಿದ್ರು. ಇಳೀರಿ ಅಂದ್ರೂ ಇಳೀಲಿಲ್ಲ.”

ಡ್ರೈವರು ಆಚೆ ತಿರುಗಿ ಟಯರನ್ನು ಒದ್ದು ಗಾಳಿ ನೋಡುವವನಂತೆ ನಟಿಸಿದ. ಎರಡು ವಾರದ ಶಿಕ್ಷೆ, ಶಿಸ್ತು ಕಲಿಯಲೆಂದು. ಎಲ್ಲಿ ಹೋಗುತ್ತದೆ ಆ ಮಗು, ಯಾರ ಜೊತೆ ಇರುತ್ತದೆ, ಏನು ನೋಡುತ್ತದೆ ಎಂದು ಚೀಟಿ ಕೊಟ್ಟವರು ಯಾರೂ ಕೇಳಿರಲಿಲ್ಲ. ಯಾರೂ ಅಂದರೆ ಯಾರು? ಚೀಟಿಯ ಕೆಳಗಿದ್ದದ್ದು ಮಿಸ್‌ಳದೇ ಸಹಿ.

“ಅವತ್ತು ಬೆಂಚು ಯಾಕೆ ಉರುಳಿಸಿದೆ?” ಎಂದು ಕೇಳಿದಳು.

ಪಟಾಕಿ ಅವಳನ್ನು ಅನುಮಾನದಿಂದ ನೋಡಿದಳು. “ಈಗ ಕೇಳ್ತೀರಾ?”

“ಈಗ ಕೇಳ್ತಿದೀನಿ.”

“ಪಕ್ಕದ ಹುಡುಗ ನನ್ನ ಮೈ ನಮ್ಮಪ್ಪನ ಗಾಡಿ ವಾಸನೆ ಬರುತ್ತೆ ಅಂದ. ಹೆಣದ ವಾಸನೆ, ದೂರ ಹೋಗು ಅಂದ. ಆಮೇಲೆ ಎಲ್ಲರೂ ಮೂಗು ಮುಚ್ಕೊಂಡ್ರು. ಅಪ್ಪ ದಿನಾ ಗಾಡಿ ತೊಳೀತಾರೆ, ಗೊತ್ತಾ? ಡೆಟಾಲ್ ಹಾಕಿ.”

“ನನ್ನ ಹತ್ರ ಹೇಳಬಾರದಾಗಿತ್ತಾ?”

“ಹೇಳೋಕೆ ಬಂದೆ. ನೀವು ‘ಕಾರಣ ಬೇಡ, ಆಚೆ ನಡಿ’ ಅಂದ್ರಿ.” ಸ್ವಲ್ಪ ಯೋಚಿಸಿ ಸೇರಿಸಿದಳು, “ಒದ್ದಿದ್ದು ಅದಾದ ಮೇಲೆ.”

ಮಿಸ್ ಕೈಯಲ್ಲಿದ್ದ ಚೀಟಿಯನ್ನು ನೋಡಿದಳು. ಮಗುವಿನ ಹೆಸರು, ತಪ್ಪು, ಸಮಯ, ಶಿಕ್ಷಕರ ಸಹಿ. ಇಷ್ಟಕ್ಕೇ ಗೆರೆ ಎಳೆದು ಮುಗಿಸಿದ್ದರು. ಯಾಕೆ ಎಂದು ಬರೆಯಲು ಜಾಗವೇ ಇರಲಿಲ್ಲ.

*

ಆಯಾಳ ಕತೆಯೂ ಎಂಟು ತಿಂಗಳ ಹಿಂದೆ ಅರ್ಧ ಗಂಟೆಯ ಸಭೆಯಲ್ಲಿ ಮುಗಿದಿತ್ತು.

ಮಗುವನ್ನು ಬಿಡಲು ಬಂದ ಯಾರೋ ಒಬ್ಬರು, ಮಗ್ಗು ಹೊತ್ತು ನಡೆಯುತ್ತಿದ್ದ ಹುಡುಗನ ಫೋಟೋ ತೆಗೆದು ಪೋಷಕರ ಗುಂಪಿಗೆ ಹಾಕಿದರು. ‘ಫೀಸು ಕಟ್ಟಿ ಕಳಿಸೋದು ನೀರು ಹೊರೋಕಾ?’ ಸಂಜೆಯೊಳಗೆ ಅದು ಬಾಲಕಾರ್ಮಿಕ ಪದ್ಧತಿಯಾಗಿತ್ತು, ಮಾರನೆಯ ಬೆಳಗ್ಗೆ ದೈಹಿಕ ಶಿಕ್ಷೆಯಾಗಿತ್ತು. ಝೀರೋ ಟಾಲರೆನ್ಸ್ ಎಂಬುದು ಮಕ್ಕಳಿಗಷ್ಟೇ ಅಲ್ಲ, ಸಿಬ್ಬಂದಿಗೂ ಅನ್ವಯಿಸುತ್ತದೆ ಎಂದು ಮೇಡಂ ಸಭೆ ಕರೆದು ಹೇಳಿದರು.

ಆಯಾ ಮೂಲೆಯ ಸ್ಟೂಲಿನ ಮೇಲೆ ಕೂತಿದ್ದಳು. ಮೈಮೇಲೆ ಶಾಲೆಯ ನೀಲಿ ಕೋಟು, ಎರಡು ಗುಂಡಿಗೆ ಬೇರೆ ಬಣ್ಣದ ದಾರ. ಮೇಡಂ ಮಿಸ್‌ಳ ಕಡೆ ತಿರುಗಿದರು. “ಆ ಹುಡುಗ ನಿಮ್ಮ ಕ್ಲಾಸಿನವನು. ಆಯಾ ಮಕ್ಕಳ ಹತ್ರ ನೀರು ಹೊರಿಸ್ತಾಳೆ ಅಂತ ನಿಮಗೆ ಗೊತ್ತಿತ್ತಾ?”

ಕೋಣೆಯಲ್ಲಿ ಹನ್ನೆರಡು ಜನ ಶಿಕ್ಷಕರಿದ್ದರು. ಹನ್ನೆರಡು ಜನಕ್ಕೂ ಗೊತ್ತಿತ್ತು, ಹನ್ನೆರಡು ಜನವೂ ತಮ್ಮ ಚಪ್ಪಲಿ ನೋಡಿಕೊಳ್ಳುತ್ತಿದ್ದರು. ಮಿಸ್‌ಗೆ ಮಗನ ಕಾಲೇಜು, ಮನೆಯ ಬಾಡಿಗೆ, ಈ ವಯಸ್ಸಿನಲ್ಲಿ ಇನ್ನೊಂದು ಕೆಲಸ ಎಲ್ಲಿ ಸಿಗಬೇಕು ಎಂಬುದೆಲ್ಲ ಒಂದೇ ಸಲ ತಲೆಗೆ ನುಗ್ಗಿತು.

“ಗೊತ್ತಿರಲಿಲ್ಲ ಮೇಡಂ.”

ಆಯಾ ತಲೆ ಎತ್ತಿ ಮಿಸ್‌ಳನ್ನು ನೋಡಿದಳು. ಬಹಳ ಹೊತ್ತೇನಲ್ಲ. ಆಮೇಲೆ ಮೇಡಂ ಕಡೆ ತಿರುಗಿ ಹೇಳಿದಳು, “ಹೌದಮ್ಮ, ಮಿಸ್‌ಗೆ ಪಾಪ ಏನೂ ಗೊತ್ತಿಲ್ಲ. ನಾನೇ ಮಾಡಿದ್ದು.”

ಕೋಟು ಶಾಲೆಯ ಆಸ್ತಿ, ಬಿಟ್ಟು ಹೋಗಬೇಕು ಎಂದರು. ಅವಳು ಅಲ್ಲಿಯೇ ಗುಂಡಿ ಬಿಚ್ಚಿ, ನೀಟಾಗಿ ಮಡಚಿ, ಸ್ಟೂಲಿನ ಮೇಲಿಟ್ಟು ಹೊರಟಳು. ಗೇಟಿನಲ್ಲಿ ವಾಚ್‌ಮನ್ ಅವಳ ಚೀಲವನ್ನು ತಡಕಿ ನೋಡಿ ಬಿಟ್ಟ. ಹಾಗೆ ಮಾಡಲು ಅವನಿಗೂ ಅಪ್ಪಣೆಯಾಗಿತ್ತು. ಎಂಟು ತಿಂಗಳಲ್ಲಿ ಮಿಸ್ ಒಮ್ಮೆಯೂ ಅವಳ ಮನೆಯ ಮೆಟ್ಟಿಲು ಹತ್ತಲಿಲ್ಲ. ಹತ್ತಿದ್ದು ಇವತ್ತೇ, ಇಳಿಸಿಕೊಂಡು ಬರಲು.

*

ಟೋಕನ್ ಕೂಗಿದರು. ಸ್ಟ್ರೆಚರನ್ನು ಉಕ್ಕಿನ ಬಾಗಿಲಿನೆದುರು ತಂದು ನಿಲ್ಲಿಸಿದರು. ಅಲ್ಲಿಯ ನೌಕರ ಗಡಿಯಾರ ನೋಡುತ್ತಾ, “ಯಾರಾದ್ರೂ ಎರಡು ಮಾತು ಹೇಳೋದಿದ್ರೆ ಬೇಗ ಹೇಳಿ,” ಅಂದ.

ಮೇಡಂ ಮುಂದೆ ಬಂದು ಕಾಗದ ಬಿಡಿಸಿದರು. “ಇಪ್ಪತ್ತಾರು ವರ್ಷ ನಮ್ಮ ಶಾಲೆಯಲ್ಲಿ ಶಿಸ್ತಿಗೆ ಮಾದರಿಯಾಗಿ...”

ಆ ವಾಕ್ಯ ಮುಗಿಯಲಿಲ್ಲ. ಕಂಡಕ್ಟರಮ್ಮ ಹೂಗುಚ್ಛವನ್ನು ಕಿತ್ತುಕೊಂಡು ಗೋಡೆಗೆ ಬೀಸಿ ಹೊಡೆದಳು. ಎದುರಿಗಿದ್ದ ಕುರ್ಚಿಯನ್ನು ಒದ್ದಳು. ಅದು ಉರುಳಿ ಇನ್ನೆರಡು ಕುರ್ಚಿಗಳನ್ನೂ ಉರುಳಿಸಿತು. “ಕೋಟು ಬಿಚ್ಚಿಸ್ಕೊಂಡ್ರಲ್ಲೇ! ಚೀಲ ತಡಕಿದ್ರಲ್ಲೇ! ಸಂಜೆ ಸ್ಕೂಲ್ ಬಿಡೋ ಹೊತ್ತಿಗೆ ದಿನಾ ಬಾಲ್ಕನೀಲಿ ಬಂದು ನಿಲ್ಲೋಳು, ಆ ದಾರೀಲಿ ಹೋಗೋ ಮಕ್ಕಳನ್ನ ನೋಡೋಕೆ! ಒಬ್ಬರಾದ್ರೂ ಬಂದ್ರಾ? ಒಬ್ಬರಾದ್ರೂ ಏನಾಯ್ತು ಅಂತ ಕೇಳಿದ್ರಾ?” ಆಮೇಲೆ ನೆಲಕ್ಕೆ ಕುಸಿದು ಎರಡೂ ಕೈಯಿಂದ ನೆಲ ಬಡಿಯತೊಡಗಿದಳು.

ಯಾರೂ ಅವಳನ್ನು ತಡೆಯಲಿಲ್ಲ. ಒಬ್ಬ ಹೆಂಗಸು ಪಕ್ಕದಲ್ಲಿ ಕೂತು ಬೆನ್ನು ಸವರಿದಳು. ನೆರೆಮನೆಯಾತ ಕುರ್ಚಿಗಳನ್ನು ಎತ್ತಿ ನಿಲ್ಲಿಸಿ, “ಅಳಲಿ ಬಿಡಿ, ಒಳಗೆ ಇಟ್ಕೊಂಡ್ರೆ ಕಷ್ಟ,” ಅಂದ. ಮೇಡಂ ಕೂಡ ಬಟ್ಟೆಯ ಮೇಲಿನ ಹೂವಿನೆಸಳು ಕೊಡವಿಕೊಳ್ಳುತ್ತಾ, “ಪಾಪ, ದುಃಖ. ನಾನೇನೂ ತಪ್ಪು ತಿಳ್ಕೊಳಲ್ಲ,” ಅಂದರು.

ಮಿಸ್‌ಳ ಕೈಯನ್ನು ಯಾರೋ ಎಳೆದರು. ಪಟಾಕಿ ಯಾವಾಗಲೋ ಒಳಗೆ ನುಸುಳಿ ಬಂದಿದ್ದಳು.

“ಮಿಸ್, ನೀವೂ ಬೇಕಾದ್ರೆ ಕಿರುಚಿ,” ಎಂದು ಪಿಸುಗುಟ್ಟಿದಳು. “ಇಲ್ಲಿ ದೊಡ್ಡೋರೆಲ್ಲ ಹಿಂಗೇ ಮಾಡ್ತಾರೆ. ಎಸೀತಾರೆ, ಒದೀತಾರೆ, ನೆಲದ ಮೇಲೆ ಹೊರಳಾಡ್ತಾರೆ. ಮೊನ್ನೆ ಒಬ್ಬ ಅಂಕಲ್ ನಮ್ಮ ಗಾಡಿ ಕನ್ನಡಿ ಒಡೆದುಹಾಕಿದ್ರು. ಇಲ್ಲಿ ಯಾರೂ ಚೀಟಿ ಕೊಡಲ್ಲ.”

ಮಿಸ್ ಕಿರುಚಲಿಲ್ಲ. ಆದರೆ ಬೆಳಗ್ಗೆಯಿಂದ ಯಾರ ಮೇಲೆ ಕಾರುವುದೆಂದು ತಿಳಿಯದೆ ಒಳಗೇ ಕುದಿಯುತ್ತಿದ್ದ ಸಿಟ್ಟಿಗೆ ಈಗ ದಾರಿ ಕಾಣಿಸಿತು. ಉಕ್ಕಿನ ಬಾಗಿಲು ತೆರೆದು, ನೀರಜ್ಜಿ ಒಳಗೆ ಹೋಗಿ, ಬಾಗಿಲು ಮುಚ್ಚುವವರೆಗೆ ತಲೆ ಬಾಗಿ ನಿಂತಿದ್ದಳು. ಆಮೇಲೆ ಕಂಡಕ್ಟರಮ್ಮನ ಎದುರು ನೆಲದ ಮೇಲೇ ಕೂತಳು.

“ಅವತ್ತು ನಾನು ಸುಳ್ಳು ಹೇಳ್ದೆ. ನನಗೆಲ್ಲ ಗೊತ್ತಿತ್ತು. ಮಕ್ಕಳನ್ನ ಕಳಿಸ್ತಿದ್ದೋಳೇ ನಾನು.”

“ಗೊತ್ತು.” ಕಂಡಕ್ಟರಮ್ಮ ಮೂಗೊರೆಸಿಕೊಂಡಳು. “ಅಮ್ಮ ಅವತ್ತೇ ಹೇಳಿದ್ಲು. ನಿಮ್ಮನ್ನ ಬೈಬಾರದು ಅಂತ ಆಣೆ ಬೇರೆ ಹಾಕಿಸ್ಕೊಂಡಿದ್ಲು. ಬೆಳಗ್ಗೆಯಿಂದ ಹಲ್ಲು ಕಚ್ಕೊಂಡು ಕೂತಿದೀನಿ, ನಿಮ್ಮ ಮುಖ ನೋಡ್ಕೊಂಡು. ನನ್ನ ಹತ್ರ ಹೇಳಿ ಏನು ಬಂತು? ಅವತ್ತು ಎಲ್ಲಿ ಹೇಳಬೇಕಾಗಿತ್ತೋ ಅಲ್ಲಿ ಹೋಗಿ ಹೇಳಿ.”

ಮಿಸ್ ಎದ್ದಳು. ಮೇಡಂ ಕಾರಿನ ಬಾಗಿಲಿಗೆ ಕೈಹಾಕಿದ್ದರು.

“ಸಹಿ ಆಯ್ತಾ ಮಿಸ್?”

“ಇಲ್ಲ. ಹಾಕಲ್ಲ. ಮೊದಲನೇ ಎರಡಕ್ಕೂ ಹಾಕಬಾರದಾಗಿತ್ತು. ನಾನು ಕಮಿಟಿಗೆ ಬರ್ತೀನಿ ಮೇಡಂ. ಈ ಮಗು ವಿಷಯಾನೂ ಹೇಳ್ತೀನಿ, ಆಯಾ ವಿಷಯಾನೂ ಹೇಳ್ತೀನಿ.”

ಮೇಡಂ ಅವಳನ್ನು ಮೇಲಿನಿಂದ ಕೆಳಗೆ ನೋಡಿದರು. “ಸಾವಿನ ಮನೆಯ ಬಿಸೀಲಿ ಮಾತಾಡ್ತಿದೀರಿ. ಸಹಿ ಇಲ್ಲದಿದ್ರೆ ಕಮಿಟಿ ಮುಂದೆ ನಿಮ್ಮ ಬಗ್ಗೇನೇ ಬರೆದುಕೊಡಬೇಕಾಗುತ್ತೆ. ಅವತ್ತು ಸುಳ್ಳು ಹೇಳಿದ್ದು ಅಂತ ನೀವೇ ಒಪ್ಕೊಂಡ್ರೆ ನಿಮ್ಮ ಕೆಲಸ ಉಳಿಯುತ್ತಾ? ಯೋಚನೆ ಮಾಡಿ. ನಿಮ್ಮ ಮಗನದು ಇನ್ನೂ ಎರಡು ವರ್ಷ ಇದೆ ಅಲ್ವಾ?” ಕಾರು ಹೊರಟಿತು. ಮಿಸ್‌ಳನ್ನು ಹತ್ತಿಸಿಕೊಳ್ಳಬೇಕೆಂದು ಅವರಿಗೆ ಅನ್ನಿಸಲಿಲ್ಲ, ಅನ್ನಿಸಿದ್ದರೂ ಅವಳು ಹತ್ತುತ್ತಿರಲಿಲ್ಲ.

ಗಂಟೆ ಎರಡೂವರೆ. ಬಸ್ ಸ್ಟಾಪು ಒಂದು ಮೈಲಿ. ಮಿಸ್ ಮರದ ಕೆಳಗೆ ಹೋದಳು.

“ಗಾಡಿ ಎಲ್ಲಿಗೆ ಹೋಗುತ್ತೆ?”

“ಡಿಪೋಗೆ ಮಿಸ್. ನಿಮ್ಮ ಸ್ಕೂಲಿನ ರಸ್ತೇನೇ.”

“ನನ್ನ ಸ್ಕೂಲ್ ಗೇಟಿನ ಒಳಗೆ ಬಿಡಿ. ಮಗೂನೂ ಬರಲಿ, ನೀವೂ ಬನ್ನಿ.”

ಡ್ರೈವರು ಎರಡೂ ಕೈ ಅಡ್ಡ ಆಡಿಸಿದ. “ಬೇಡ ಮಿಸ್. ಈ ಗಾಡೀನ ಗೇಟಿನಿಂದ ಇನ್ನೂರು ಮೀಟರ್ ಆಚೆ ನಿಲ್ಲಿಸಬೇಕು ಅಂತ ಕಾಗದ ಕೊಟ್ಟಿದ್ದಾರೆ. ಮಕ್ಕಳ ಮನಸ್ಸಿಗೆ ಒಳ್ಳೇದಲ್ಲ ಅಂತೆ. ಮಗೂನ ದಿನಾ ಆ ಮೂಲೇಲಿ ಇಳಿಸಿ ನಡೆಸ್ಕೊಂಡು ಹೋಗ್ತಿದ್ದೆ.”

“ಯಾರು ಕೊಟ್ಟದ್ದು ಆ ಕಾಗದ?”

ಅವನು ತೊದಲಿದ. “ನೀವೇ ಮಿಸ್. ಪೋಷಕರ ಸಭೇಲಿ. ನನ್ನ ಕನ್ನಡಕ ಇರಲಿಲ್ಲ, ನೀವೇ ಓದಿ ಹೇಳಿದ್ರಿ.”

ಮಿಸ್‌ಗೆ ಅದು ನೆನಪೇ ಇರಲಿಲ್ಲ. ಅವಳು ಕಪಾಳಕ್ಕೆ ಬಿಗಿಸಿಕೊಂಡವಳಂತೆ ಒಂದು ಕ್ಷಣ ನಿಂತಳು. ಆಮೇಲೆ ಮುಂದಿನ ಬಾಗಿಲು ತೆರೆದು ಹತ್ತಿ, ಪಟಾಕಿಯನ್ನು ನಡುವೆ ಎಳೆದುಕೊಂಡಳು.

“ನಡೀರಿ. ಯಾರಾದ್ರೂ ಕೇಳಿದ್ರೆ ನನ್ನ ಹೆಸರು ಹೇಳಿ.”

ದಾರಿಯಲ್ಲಿ ಪಟಾಕಿ ಅವಳಿಗೆ ಗಾಡಿಯ ವಿಷಯವನ್ನೆಲ್ಲ ತಿಳಿಸಿಕೊಟ್ಟಳು. ಈ ಗಾಡಿಗೆ ಹಾರ್ನ್ ಇದೆ, ಆದರೆ ಹೊಡೆಯಬಾರದು. ಓವರ್‌ಟೇಕ್ ಮಾಡಬಾರದು. ಹಿಂದೆ ಯಾರೂ ಇಲ್ಲದಿದ್ದರೂ ಮೆಲ್ಲಗೇ ಹೋಗಬೇಕು, ಯಾಕೆಂದರೆ ನೋಡಿದವರಿಗೆ ಹಿಂದೆ ಯಾರೂ ಇಲ್ಲವೆಂದು ಗೊತ್ತಾಗುವುದಿಲ್ಲವಲ್ಲ. ಇದೆಲ್ಲ ಅಪ್ಪ ಕಲಿಸಿದ್ದು. ಒಂದು ಸಲ ಹೇಳಿದರೆ ಸಾಕು, ಅವಳು ಮರೆಯುವುದಿಲ್ಲ. ಮಿಸ್ ಎಲ್ಲಕ್ಕೂ ಹೂಂಗುಟ್ಟಿದಳು. ಕಮಿಟಿಯ ಮುಂದೆ ಯಾವ ಮಾತಿನಿಂದ ಶುರುಮಾಡುವುದು ಎಂದು ಹುಡುಕುತ್ತಿದ್ದಳು, ಸಿಗುತ್ತಿರಲಿಲ್ಲ.

ಶಾಲೆಯ ಗೇಟಿಗೆ ಬಂದಾಗ ಮೂರಕ್ಕೆ ಐದು ನಿಮಿಷವಿತ್ತು. ಪಾಸಿಲ್ಲದೆ ಹೆತ್ತವರನ್ನೂ ಒಳಗೆ ಬಿಡದ ವಾಚ್‌ಮನ್, ಗಾಡಿಯ ಹಣೆಯ ಮೇಲಿನ ಅಕ್ಷರ ನೋಡಿದ್ದೇ ಟೋಪಿ ತೆಗೆದ. ಏನೂ ಕೇಳದೆ ಗೇಟಿನ ಎರಡೂ ಬಾಗಿಲು ತೆರೆದ. ಡ್ರೈವರು ಮೆಲ್ಲಗೆ, ಬಹಳ ಮೆಲ್ಲಗೆ, ಆಫೀಸಿನ ಎದುರಿಗೇ ತಂದು ನಿಲ್ಲಿಸಿದ.

ಆಫೀಸಿನ ದೊಡ್ಡ ಕಿಟಕಿಯ ಆಚೆ ಕಮಿಟಿ ಕೂತಿರುವುದು ಮಿಸ್‌ಗೆ ಕಂಡಿತು. ನಿವೃತ್ತ ಅಧಿಕಾರಿಯೊಬ್ಬರು, ಪೋಷಕರ ಪರವಾಗಿ ಒಬ್ಬರು, ನಡುವೆ ಮೇಡಂ. ಶವವಾಹನ ಕಂಡೊಡನೆ ಅಧಿಕಾರಿ ಚಹಾದ ಕಪ್ಪು ಕೆಳಗಿಟ್ಟು ಎದ್ದು ನಿಂತರು. ಪೋಷಕರ ಪರವಾಗಿ ಬಂದಿದ್ದವರೂ ಗಡಬಡಿಸಿ ಎದ್ದರು. ಇಬ್ಬರೂ ಎದ್ದ ಮೇಲೆ ಕೂತಿರಲಾಗದೆ ಮೇಡಂ ಕೂಡ ಏಳಬೇಕಾಯಿತು.

ಡ್ರೈವರು ಇಳಿದು ಬಂದು ಬಾಗಿಲು ತೆರೆದ. ಪಟಾಕಿ ಬಿಚ್ಚಿಹೋದ ಲೇಸಿನ ಶೂ ಕಾಲುಗಳನ್ನು ಜೋಡಿಸಿ, ದೊಪ್ಪೆಂದು ಶಾಲೆಯ ಅಂಗಳಕ್ಕೆ ಹಾರಿದಳು. ಕಿಟಕಿಯೊಳಗೆ ಮೂವರೂ ತಲೆ ತಗ್ಗಿಸಿಕೊಂಡು ನಿಂತೇ ಇದ್ದರು.